ರಾಷ್ಟ್ರಪತಿ ಭವನದ ಬಾಗಿಲಲ್ಲಿರುವ ಅಶೋಕನ ಕಾಲದ ಹೋರಿ: ಅದು ಅಲ್ಲೇ ಇರಬೇಕಾ?

ಹಾಸನದ ಹಕ್ಕಿ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ದೆಹಲಿಗೆ ಹೋಗಿದ್ದೆ. ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ, ತಲೆಗೆ 50 ರೂಪಾಯಿ ಕಟ್ಟಿ ರಾಷ್ಟ್ರಪತಿ ಭವನ ನೋಡಿ ಬಂದೆವು. ಗೈಡ್ ತುಂಬಾ ಚೆನ್ನಾಗಿ ವಿವರಿಸಿದರು. ದರ್ಬಾರ್ ಹಾಲ್‌ನ ದೊಡ್ಡ ದೀಪದ ಗೊಂಚಲು, ಗುಪ್ತರ ಕಾಲದ ಬುದ್ಧ, ಅಶೋಕ ಹಾಲ್‌ನ ಚಾವಣಿ, ಎಲ್ಲ ನೋಡಿದೆವು.

ಆದರೆ ಅಮ್ಮ ನಿಂತುಬಿಟ್ಟದ್ದು ಒಂದೇ ಕಡೆ. ಮುಂಭಾಗದ ಕಂಬಗಳ ನಡುವೆ ಒಂದು ಕಲ್ಲಿನ ಹೋರಿ ಇದೆ. ಬಿಹಾರದ ರಾಂಪುರ್ವಾದಲ್ಲಿ ಸಿಕ್ಕಿದ್ದು, ಕ್ರಿಸ್ತಪೂರ್ವ 3ನೇ ಶತಮಾನದ್ದು, ಅಶೋಕನ ಕಾಲದ್ದು. ನಕಲಲ್ಲ, ಅಸಲಿ. ಅಮ್ಮ ಹುಟ್ಟಿ ಬೆಳೆದದ್ದು ಎತ್ತು ಕಟ್ಟಿದ ಮನೆಯಲ್ಲಿ. ಅವರಿಗೆ ಅಶೋಕನೂ ಗೊತ್ತಿಲ್ಲ, ಮೌರ್ಯರೂ ಗೊತ್ತಿಲ್ಲ. "ಹಿಣಿಲು ನೋಡೇ, ಗಂಗೆದೊಗಲು ನೋಡೇ. ಇದನ್ನ ಕೆತ್ತಿದವನ ಮನೇಲಿ ದನ ಇತ್ತು ಕಣೇ" ಅಂದರು. ಹಿಣಿಲು ಅಂದರೆ ಹೆಗಲ ಮೇಲಿನ ಡುಬ್ಬ, ಗಂಗೆದೊಗಲು ಅಂದರೆ ಕತ್ತಿನ ಕೆಳಗೆ ಜೋಲುವ ತೊಗಲು. ಇನ್ನೂ ನೋಡಬೇಕು ಅಂತ ಅವರಿಗೆ ಆಸೆ. ಗುಂಪು ಮುಂದೆ ಹೋಗುತ್ತಿತ್ತು, ನಾವೂ ಹೋಗಲೇಬೇಕಿತ್ತು.

ಆವತ್ತಿಂದ ಒಂದೇ ಪ್ರಶ್ನೆ ತಲೆಯಲ್ಲಿದೆ. ಇಂಥ ಕಲ್ಲು ಒಬ್ಬರು ವಾಸ ಮಾಡುವ ಮನೆಯ ಮುಂದೆ ಯಾಕಿರಬೇಕು? ಜನಪಥದ ನ್ಯಾಷನಲ್ ಮ್ಯೂಸಿಯಂ ಅಲ್ಲೇ ಹತ್ತಿರದಲ್ಲಿದೆ. ಅಲ್ಲಿದ್ದರೆ ಅಮ್ಮ ಇಡೀ ದಿನ ನಿಂತು ನೋಡಬಹುದಿತ್ತು ಅಲ್ವಾ? ನಿಮಗೆ ಏನನ್ನಿಸುತ್ತದೆ?

ನೇರನುಡಿ
ನೂರಕ್ಕೆ ನೂರು ಒಪ್ಪಿದೆ. ಜನರ ಆಸ್ತಿ ಜನರಿಗೆ ಸುಲಭವಾಗಿ ಸಿಗುವ ಜಾಗದಲ್ಲಿರಬೇಕು. ಬುಕಿಂಗ್, ಗುರುತಿನ ಚೀಟಿ, ತಪಾಸಣೆ ಎಲ್ಲ ದಾಟಿ ಎಷ್ಟು ಜನ ಹೋಗುತ್ತಾರೆ?

ಕರೋಲ್‌ಬಾಗ್ ಕನ್ನಡಿಗ
ನಾನು ಇಪ್ಪತ್ತು ವರ್ಷದಿಂದ ದೆಹಲಿಯಲ್ಲಿದ್ದೇನೆ. ಊರಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗುತ್ತೇನೆ. ಮ್ಯೂಸಿಯಂಗೆ ಹೋಗೋಣ ಅಂದರೆ ಹತ್ತರಲ್ಲಿ ಇಬ್ಬರು ಬರುತ್ತಾರೆ. ರಾಷ್ಟ್ರಪತಿ ಭವನ ಅಂದರೆ ಹತ್ತೂ ಜನ ಹೊರಡುತ್ತಾರೆ, ಅಜ್ಜಿಯಂದಿರು ಹೊಸ ಸೀರೆ ಉಟ್ಟು ಬರುತ್ತಾರೆ. ಅಕ್ಕಾ, ನಿಮ್ಮ ಅಮ್ಮ ಆ ಹೋರಿ ನೋಡಿದ್ದೇ ಅದು ಅಲ್ಲಿದ್ದದ್ದಕ್ಕೆ. ಮ್ಯೂಸಿಯಂನಲ್ಲಿ ಇದ್ದಿದ್ದರೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಿರಾ?

ಇನ್ನೊಂದು ವಿಷಯ. ಅದು ಒಬ್ಬರ ಮನೆ ಅಲ್ಲ. 340 ಕೋಣೆಗಳ ಆ ಕಟ್ಟಡದಲ್ಲಿ ರಾಷ್ಟ್ರಪತಿಗಳು ವಾಸ ಮಾಡುವುದು ಒಂದು ಭಾಗದಲ್ಲಿ ಮಾತ್ರ. ಉಳಿದದ್ದು ದೇಶದ ಕೆಲಸಕ್ಕೆ. ಬೇರೆ ದೇಶದ ಅತಿಥಿ ಬಂದಾಗ ಮುಂದೆ ನಮ್ಮ 2,200 ವರ್ಷ ಹಳೆಯ ಕಲ್ಲು ನಿಂತಿರಬೇಕು. ಅಲ್ಲಿ ಅಸಲಿಯೇ ಇರಬೇಕು.

ಹಾಸನದ ಹಕ್ಕಿ
@ಕರೋಲ್‌ಬಾಗ್ ಕನ್ನಡಿಗ ಅಣ್ಣಾ, ನಿಜ ಹೇಳಬೇಕು ಅಂದರೆ ಕರೆದುಕೊಂಡು ಹೋಗುತ್ತಿರಲಿಲ್ಲ. ನೀವು ಹೇಳಿದ್ದು ನಾಟಿತು.

ಬಣ್ಣದ ಡಬ್ಬಿ
ನಾನು ಚಿತ್ರಕಲಾ ಶಿಕ್ಷಕಿ. ನನ್ನ ಚಿಂತೆ ಬೇರೆ. ಆ ಹೋರಿ ಮರಳುಗಲ್ಲಿನದು. ಅದರ ಹೊಳಪೇ ಅದರ ಜೀವ. ಮೌರ್ಯರ ಕಾಲದಲ್ಲಿ ಕಲ್ಲನ್ನು ಕನ್ನಡಿ ಹಾಗೆ ಉಜ್ಜುತ್ತಿದ್ದರು. ಕಂಬಗಳ ನೆರಳಿನಲ್ಲಿದ್ದರೂ ಅಲ್ಲಿ ಗಾಳಿ ಆಡುತ್ತದೆ. ದೆಹಲಿ ಗಾಳಿ ಹೇಗಿರುತ್ತದೆ ಅಂತ ನವೆಂಬರ್‌ನಲ್ಲಿ ಹೋದವರಿಗೆ ಗೊತ್ತು. ಯಾರು ನೋಡುತ್ತಾರೆ ಅನ್ನುವುದಕ್ಕಿಂತ ಮುಂಚೆ, ಅದು ಇನ್ನೂ ಸಾವಿರ ವರ್ಷ ಉಳಿಯುತ್ತದಾ ಅಂತ ಕೇಳಬೇಕು.

ನೇರನುಡಿ
ಅದೇ ನಾನು ಹೇಳುವುದು. ಮ್ಯೂಸಿಯಂ ಇರುವುದೇ ಅದಕ್ಕೆ. ರಾಷ್ಟ್ರಪತಿ ಭವನ ಅಂದರೆ ಬ್ರಿಟಿಷರು ವೈಸ್‌ರಾಯ್‌ಗೆ ಕಟ್ಟಿಸಿದ ಬಂಗಲೆ. ಅದಕ್ಕೂ ಮ್ಯೂಸಿಯಂಗೂ ಏನು ಸಂಬಂಧ?

ಇತಿಹಾಸದ ಮೇಷ್ಟ್ರು
ಸಂಬಂಧ ಇದೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ನ್ಯಾಷನಲ್ ಮ್ಯೂಸಿಯಂ ಹುಟ್ಟಿದ್ದೇ ಆ ಬಂಗಲೆಯ ಒಳಗೆ. 1947-48ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಮ್ಮ ದೇಶದ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ದೇಶದ ಹಲವು ಮ್ಯೂಸಿಯಂಗಳಿಂದ ಶಿಲ್ಪಗಳು ಹಡಗು ಹತ್ತಿ ಹೋದವು. ವಾಪಸ್ ಬಂದ ಮೇಲೆ, ಇವು ಮತ್ತೆ ಚದುರಿಹೋಗುವ ಮುಂಚೆ ನಮ್ಮ ಜನರೂ ಒಟ್ಟಿಗೆ ನೋಡಲಿ ಅಂತ ದೆಹಲಿಯಲ್ಲಿ ತೋರಿಸಿದರು. ಎಲ್ಲಿ? ಆಗ ಗವರ್ನಮೆಂಟ್ ಹೌಸ್ ಅಂತ ಕರೆಯುತ್ತಿದ್ದ ಇದೇ ಕಟ್ಟಡದಲ್ಲಿ. ವೈಸ್‌ರಾಯ್ ಸಿಂಹಾಸನ ಇಟ್ಟಿದ್ದ ದರ್ಬಾರ್ ಹಾಲ್‌ನಲ್ಲಿ ಬುದ್ಧ, ಯಕ್ಷಿಯರು ಬಂದು ನಿಂತರು. ಅದನ್ನೇ ಕಾಯಂ ಮಾಡೋಣ ಅಂತ ತೀರ್ಮಾನ ಆಯಿತು. 1949ರ ಆಗಸ್ಟ್ 15ರಂದು ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು ನ್ಯಾಷನಲ್ ಮ್ಯೂಸಿಯಂ ಉದ್ಘಾಟಿಸಿದರು. ಜನಪಥದ ಕಟ್ಟಡಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1955ರಲ್ಲಿ. ಅದು ತೆರೆದದ್ದು 1960ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಹನ್ನೊಂದು ವರ್ಷ ಮ್ಯೂಸಿಯಂ ಇದ್ದದ್ದು ರಾಷ್ಟ್ರಪತಿ ಭವನದಲ್ಲೇ.

ಅಂದರೆ ನಿನ್ನೆ ಮೊನ್ನೆ ಸಿಕ್ಕ ಸ್ವಾತಂತ್ರ್ಯ. ಹಣ ಇಲ್ಲ, ಕಟ್ಟಡ ಇಲ್ಲ. ವೈಸ್‌ರಾಯ್ ಸಿಂಹಾಸನದ ಹಾಲ್ ಅನ್ನೇ ಕಲ್ಲಿನ ಮೂರ್ತಿಗಳಿಗೆ ಬಿಟ್ಟುಕೊಟ್ಟರು. ನನಗೆ ಅದು ಬಹಳ ದೊಡ್ಡ ಮಾತು ಅನ್ನಿಸುತ್ತದೆ.

ಹಾಸನದ ಹಕ್ಕಿ
ಇದು ನನಗೆ ಗೊತ್ತೇ ಇರಲಿಲ್ಲ ಮೇಷ್ಟ್ರೇ! ದರ್ಬಾರ್ ಹಾಲ್‌ನಲ್ಲಿ ನಿಂತಿದ್ದಾಗ ಇದು ಗೊತ್ತಿದ್ದರೆ ಬೇರೆ ಥರ ನೋಡುತ್ತಿದ್ದೆ.

ನೇರನುಡಿ
ಮೇಷ್ಟ್ರೇ, ಮಾಹಿತಿಗೆ ಧನ್ಯವಾದ. ಸಂಬಂಧ ಇಲ್ಲ ಅಂದಿದ್ದು ನನ್ನ ತಪ್ಪು. ಆದರೆ ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಜಾಗ ಇಲ್ಲ ಅಂತ ಅಲ್ಲಿಟ್ಟರು, ಜಾಗ ಸಿಕ್ಕ ಮೇಲೆ ಜನಪಥಕ್ಕೆ ಸಾಗಿಸಿದರು. ಹಾಗಾದರೆ ಹೋರಿಯನ್ನೂ ಬುದ್ಧನನ್ನೂ ಮಾತ್ರ ಯಾಕೆ ಉಳಿಸಿಕೊಂಡರು?

ಕರೋಲ್‌ಬಾಗ್ ಕನ್ನಡಿಗ
ಯಾಕೆಂದರೆ ಅವು ಆ ಜಾಗಕ್ಕೆ ಹೊಸ ಅರ್ಥ ಕೊಟ್ಟವು. ವೈಸ್‌ರಾಯ್ ಮತ್ತು ಅವರ ಹೆಂಡತಿಯ ಸಿಂಹಾಸನ ಇದ್ದ ಹಾಲ್‌ನಲ್ಲಿ ಈಗ ಅಭಯಹಸ್ತದ ಬುದ್ಧ ನಿಂತಿದ್ದಾನೆ, ಅವನ ಮುಂದೆ ರಾಷ್ಟ್ರಪತಿಗಳ ಒಂದೇ ಕುರ್ಚಿ. ನೆಹರೂ 1947ರಲ್ಲಿ ಪ್ರಮಾಣ ವಚನ ತೆಗೆದುಕೊಂಡದ್ದೂ ಅದೇ ಹಾಲ್‌ನಲ್ಲಿ. ಬುದ್ಧನ ಪಾದದ ಮಟ್ಟವೂ ಇಂಡಿಯಾ ಗೇಟ್‌ನ ತುದಿಯೂ ಒಂದೇ ಎತ್ತರ ಅಂತ ಗೈಡ್‌ಗಳು ಹೇಳುತ್ತಾರೆ, ಕೇಳಿಸಿಕೊಂಡಿರಬಹುದು. ಅವನನ್ನು ತೆಗೆದು ಮ್ಯೂಸಿಯಂನಲ್ಲಿಟ್ಟರೆ ಹತ್ತು ಬುದ್ಧರ ನಡುವೆ ಹನ್ನೊಂದನೆಯವನು.

ಕಲಬುರ್ಗಿ ಕಲ್ಲು
ದೆಹಲಿಯ ಈ ಮನೆಯೋ ಆ ಮನೆಯೋ ಅಂತ ಜಗಳ ಆಡುತ್ತಿದ್ದೀರಿ. ರಾಂಪುರ್ವಾ ಊರಿನವರನ್ನು ಯಾರಾದರೂ ಕೇಳಿದಿರೇನ್ರೀ?

ಆ ಊರು ಇರುವುದು ಬಿಹಾರದ ಪಶ್ಚಿಮ ಚಂಪಾರಣ್‌ನಲ್ಲಿ, ನೇಪಾಳದ ಗಡಿ ಹತ್ತಿರ. ಅಲ್ಲಿ ಅಶೋಕನ ಕಾಲದ ಎರಡು ಕಂಬ ಇದ್ದವು. ಒಂದರ ಮೇಲೆ ಸಿಂಹ, ಒಂದರ ಮೇಲೆ ಹೋರಿ. ಸಿಂಹ ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂಗೆ ಹೋಯಿತು. ಹೋರಿ ದೆಹಲಿಗೆ ಬಂತು. ಕಂಬಗಳು ಊರಲ್ಲೇ ನೆಲಕ್ಕೆ ಮಲಗಿವೆ. ತಲೆ ಎರಡು ಮಹಾನಗರದಲ್ಲಿ, ಮೈ ಹಳ್ಳಿಯಲ್ಲಿ. ಇದಕ್ಕೆ ನ್ಯಾಯ ಅಂತೀರಾ?

ಧಾರವಾಡದ ಮಳೆ
ಇದು ಸರಿಯಾದ ಪ್ರಶ್ನೆ.

ನೇರನುಡಿ
ಹಳ್ಳಿಯಲ್ಲಿಟ್ಟರೆ ಕಾಯುವವರು ಯಾರು? ಕಳ್ಳತನ ಆದರೆ?

ಇತಿಹಾಸದ ಮೇಷ್ಟ್ರು
ಸಾರನಾಥವನ್ನು ನೋಡಿ. ನಮ್ಮ ರಾಷ್ಟ್ರಲಾಂಛನದ ನಾಲ್ಕು ಸಿಂಹಗಳು ಅಲ್ಲಿಯೇ ಇವೆ. ಸಿಕ್ಕಿದ್ದು 1904-05ರ ಅಗೆತದಲ್ಲಿ. 1910ರಲ್ಲಿ ಅಗೆದ ಜಾಗದ ಪಕ್ಕದಲ್ಲೇ ಮ್ಯೂಸಿಯಂ ಕಟ್ಟಿದರು. ಇಡೀ ದೇಶದ ನೋಟು, ನಾಣ್ಯದ ಮೇಲಿರುವ ಸಿಂಹದ ಅಸಲಿ ಇವತ್ತಿಗೂ ದೆಹಲಿಗೆ ಬಂದಿಲ್ಲ. ಕಾಯುತ್ತಿದ್ದಾರಲ್ಲ? ರಾಂಪುರ್ವಾದ ಹೋರಿ ಸಿಕ್ಕಿದ್ದು 1907-08ರಲ್ಲಿ, ದಯಾರಾಮ್ ಸಾಹ್ನಿಯವರ ಅಗೆತದಲ್ಲಿ. ನಡುವೆ ಮೂರೇ ವರ್ಷದ ಅಂತರ. ಸಾರನಾಥಕ್ಕೆ ಮ್ಯೂಸಿಯಂ ಸಿಕ್ಕಿತು, ರಾಂಪುರ್ವಾಕ್ಕೆ ಸಿಗಲಿಲ್ಲ.

ಕರೋಲ್‌ಬಾಗ್ ಕನ್ನಡಿಗ
ಸಾರನಾಥ ಕಾಶಿಯ ಪಕ್ಕದಲ್ಲಿದೆ ಮೇಷ್ಟ್ರೇ. ವರ್ಷಪೂರ್ತಿ ಯಾತ್ರಿಕರು ಬರುತ್ತಾರೆ. ರಾಂಪುರ್ವಾಕ್ಕೆ ಯಾರು ಹೋಗುತ್ತಾರೆ?

ಕಲಬುರ್ಗಿ ಕಲ್ಲು
ಹೋರಿ ಅಲ್ಲಿದ್ದರೆ ಹೋಗುತ್ತಾರೆ ಸರ್! ಇದೇ ಮಾತನ್ನು ನಮ್ಮ ಕಡೆಗೂ ಹೇಳಿ ಹೇಳಿ ನಮಗೆ ಸಾಕಾಗಿದೆ. ಅದಕ್ಕೇ ನನಗೆ ಸಿಟ್ಟು ಬರುವುದು.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಗೊತ್ತಲ್ಲ, ಭೀಮಾ ನದಿ ದಂಡೆ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠಕ್ಕೆ ಬಳಸಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಆಮೇಲೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪ ಹೊರಬಂತು. ಅದರ ಒಂದು ಚಪ್ಪಡಿಯಲ್ಲಿ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಛತ್ರ ಚಾಮರ ಹಿಡಿದವರು. ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕೋ" ಅಂತ ಹೆಸರು. ಹೆಸರು ಬರೆದ ಅಶೋಕನ ಚಿತ್ರ! ರಾಷ್ಟ್ರಪತಿ ಭವನದ ಅಶೋಕ ಹಾಲ್‌ನಲ್ಲಿ ಅಶೋಕನ ಒಂದು ಚಿತ್ರ ಇಲ್ಲ, ನಮ್ಮ ಹೊಲದಲ್ಲಿತ್ತು.

ನಾನು ಮೊದಲ ಸಲ ಹೋದಾಗ ಅಂಥ ಚಪ್ಪಡಿಗಳು ಬಿಸಿಲಲ್ಲಿ ಬಿದ್ದಿದ್ದವು. ಆಡುಗಳು ಓಡಾಡುತ್ತಿದ್ದವು. ಕಣ್ಣಲ್ಲಿ ನೀರು ಬಂತು. ಈಚೆಗೆ ಜೋಡಿಸುವ ಕೆಲಸ ನಡೆದಿದೆ, ಖುಷಿ. ಆದರೆ ಮೂವತ್ತು ವರ್ಷ ಬೇಕಾಯಿತು.

ಬಣ್ಣದ ಡಬ್ಬಿ
ಕಲಬುರ್ಗಿಯವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನೀವೇ ಯೋಚಿಸಿ. ಆ ಚಪ್ಪಡಿ ಆಗಲೇ ದೆಹಲಿಗೆ ಹೋಗಿದ್ದರೆ ಮಳೆ, ಬಿಸಿಲಿನಿಂದಲಾದರೂ ತಪ್ಪಿಸಿಕೊಳ್ಳುತ್ತಿತ್ತಲ್ಲ?

ಕಲಬುರ್ಗಿ ಕಲ್ಲು
ಹೋಗಿದ್ದರೆ ನಮ್ಮೂರ ಮಕ್ಕಳಿಗೆ ಅಶೋಕ ಅಂದರೆ ಪಾಠದ ಪುಸ್ತಕದ ಒಂದು ಪುಟ ಅಷ್ಟೇ ಮೇಡಂ. ಈಗ ನಮ್ಮ ಹುಡುಗರು "ನಮ್ಮ ಹೊಲದಾಗಿನ ಅಶೋಕ" ಅನ್ನುತ್ತಾರೆ. ಆ "ನಮ್ಮ" ಅನ್ನುವುದು ಹೋಗುತ್ತಿತ್ತು.

ಮಸ್ಕಿ ಮಾವ
ರಾಯಚೂರು ಜಿಲ್ಲೆಯವರ ಪರವಾಗಿ ನಾನೂ ಒಂದು ಮಾತು. ಅಶೋಕನ ಶಾಸನಗಳಲ್ಲೆಲ್ಲ "ದೇವಾನಾಂಪಿಯ" ಅಂತ ಬಿರುದು ಇರುತ್ತಿತ್ತು, ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಮಸ್ಕಿಯಲ್ಲಿ ಬೀಡನ್ ಅನ್ನುವ ಚಿನ್ನದ ಗಣಿ ಇಂಜಿನಿಯರ್ ಕಣ್ಣಿಗೆ ಬಿದ್ದ ಶಾಸನದಲ್ಲಿ "ಅಸೋಕ" ಅಂತ ಹೆಸರೇ ಇತ್ತು. ಬಂಡೆ ಇವತ್ತಿಗೂ ಅದೇ ಗುಡ್ಡದಲ್ಲಿದೆ. ಬಂಡೆಯನ್ನು ಯಾರೂ ಹೊತ್ತುಕೊಂಡು ಹೋಗಲು ಆಗಲಿಲ್ಲ, ಅದು ನಮ್ಮ ಪುಣ್ಯ.

ವಿಜಯನಗರ ಬಸ್
ನನಗೊಂದು ಡೌಟ್. ಅಶೋಕ ಹಾಲ್‌ನಲ್ಲಿ ಅಶೋಕನ ಚಿತ್ರವೇ ಇಲ್ಲವಾ? ಕಳಿಂಗ ಯುದ್ಧದ ಚಿತ್ರ ಇದೆ ಅಂದುಕೊಂಡಿದ್ದೆ.

ಬಣ್ಣದ ಡಬ್ಬಿ
ಇಲ್ಲ. ಆ ಹೆಸರು ಸ್ವಾತಂತ್ರ್ಯದ ನಂತರದ್ದು. 2024ರ ಜುಲೈನಲ್ಲಿ ಅದನ್ನು ಅಶೋಕ ಮಂಟಪ ಅಂತ ಮಾಡಿದ್ದಾರೆ, ದರ್ಬಾರ್ ಹಾಲ್ ಗಣತಂತ್ರ ಮಂಟಪ ಆಗಿದೆ. ಮೊದಲು ಅದು ಬ್ರಿಟಿಷರ ನೃತ್ಯದ ಹಾಲ್, ಮರದ ನೆಲ ಅದಕ್ಕೇ. ಚಾವಣಿಯ ನಡುವೆ ಇರುವುದು ಪರ್ಷಿಯಾದ ಚಿತ್ರ. ಫತ್ ಅಲಿ ಶಾ ಅನ್ನುವ ರಾಜ ತನ್ನ 22 ಗಂಡುಮಕ್ಕಳ ಜೊತೆ ಬೇಟೆಗೆ ಹೊರಟಿದ್ದಾನೆ. ಅದನ್ನು ಅವನೇ ಇಂಗ್ಲೆಂಡಿನ 4ನೇ ಜಾರ್ಜ್‌ಗೆ ಉಡುಗೊರೆ ಕೊಟ್ಟಿದ್ದು. ವೈಸ್‌ರಾಯ್ ವಿಲಿಂಗ್‌ಡನ್‌ರ ಹೆಂಡತಿ ಅದನ್ನು ಲಂಡನ್ನಿನ ಇಂಡಿಯಾ ಆಫೀಸ್ ಲೈಬ್ರರಿಯಿಂದ ತರಿಸಿ ಚಾವಣಿಗೆ ಅಂಟಿಸಿದರು. ಸುತ್ತ ಉಳಿದ ಜಾಗಕ್ಕೆ ಇಟಲಿಯ ತೊಮಾಸೊ ಕೊಲೊನೆಲ್ಲೊ ಅನ್ನುವ ಕಲಾವಿದ, ನಮ್ಮ ದೇಶದ ಚಿತ್ರಕಾರರನ್ನು ಸೇರಿಸಿಕೊಂಡು, ಅದೇ ಶೈಲಿಯಲ್ಲಿ ಬೇಟೆಯ ಚಿತ್ರಗಳನ್ನು ಬರೆದ.

ಚಾವಣಿಗೆ ಅಂಟಿಸಿದ ಚಿತ್ರ ಕಾಪಾಡುವುದು ಗೋಡೆಗೆ ನೇತುಹಾಕಿದ ಚಿತ್ರದಷ್ಟು ಸುಲಭ ಅಲ್ಲ. ಮೇಲಿನಿಂದ ನೀರು ಒಸರಿದರೆ ಅಂಟು ಬಿಡುತ್ತದೆ. ಎಸಿ ಹಾಕಿ ಆರಿಸುತ್ತಿದ್ದರೆ ಗಾಳಿಯ ತೇವ ಏರಿಳಿದು ಚಿತ್ರ ಹಿಗ್ಗಿ ಕುಗ್ಗುತ್ತದೆ. ಬಿಚ್ಚಿ ಮ್ಯೂಸಿಯಂಗೆ ಸಾಗಿಸೋಣ ಅಂದರೂ ಬಿಚ್ಚುವಾಗಲೇ ಹರಿಯಬಹುದು. ಹಾಗಾಗಿ ನೇರನುಡಿಯವರ "ಎಲ್ಲವೂ ಮ್ಯೂಸಿಯಂಗೆ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಸತ್ಯ ಹೇಳ್ತೀನಿ
ಪರ್ಷಿಯಾ ರಾಜನ ಬೇಟೆ, ಇಂಗ್ಲೆಂಡ್ ರಾಜನಿಗೆ ಉಡುಗೊರೆ, ಇಟಲಿಯವನ ಚಿತ್ರ. ಇದರಲ್ಲಿ ನಮ್ಮದು ಏನಿದೆ? ನಮ್ಮ ದೇಶದ ಮಂತ್ರಿಗಳು ಪ್ರಮಾಣ ವಚನ ತೆಗೆದುಕೊಂಡ ಹಾಲ್ ಅದು. ಅಲ್ಲಿ ನಮ್ಮ ಮೈಸೂರು ಶೈಲಿ, ಮಧುಬನಿ, ವರ್ಲಿ ಇರಬೇಕು.

ಧಾರವಾಡದ ಮಳೆ
ಪರ್ಷಿಯನ್ ನಮ್ಮದಲ್ಲ ಅಂತ ಹೇಗೆ ಹೇಳುತ್ತೀರಿ? ಬಿಜಾಪುರದ ಗೋಡೆ ಚಿತ್ರ, ಬೀದರಿನ ಬಿದರಿ ಕೆಲಸ ಎಲ್ಲ ಆ ಕಡೆಯ ಕೈಯಿಂದಲೂ ಬಂದಿದ್ದೇ. ಅಲ್ಲಿ ಬಣ್ಣ ಹಚ್ಚಿದ ನಮ್ಮ ಚಿತ್ರಕಾರರ ಹೆಸರು ಯಾರಿಗೂ ನೆನಪಿಲ್ಲ, ಇಟಲಿಯವನ ಹೆಸರು ಮಾತ್ರ ಎಲ್ಲರ ಬಾಯಲ್ಲಿದೆ. ನನಗೆ ಬೇಜಾರು ಅದರ ಬಗ್ಗೆ.

ಸತ್ಯ ಹೇಳ್ತೀನಿ
ಅದು ಒಪ್ಪುತ್ತೇನೆ. ಅವರ ಹೆಸರುಗಳನ್ನು ಹುಡುಕಿ ಅಲ್ಲೇ ಒಂದು ಫಲಕ ಹಾಕಬೇಕು.

ಕರೋಲ್‌ಬಾಗ್ ಕನ್ನಡಿಗ
ಬದಲಾವಣೆ ನಡೆಯುತ್ತಲೇ ಇದೆ ನೋಡಿ. 2025ರ ಡಿಸೆಂಬರ್ 16ರಂದು, ವಿಜಯ ದಿವಸದ ದಿನ, ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಪರಮವೀರ ದೀರ್ಘಾ ಅನ್ನುವ ಗ್ಯಾಲರಿ ಉದ್ಘಾಟಿಸಿದರು. ಪರಮವೀರ ಚಕ್ರ ಪಡೆದ 21 ಜನರ ಭಾವಚಿತ್ರಗಳು ಅಲ್ಲಿವೆ. ಮೊದಲು ಅದೇ ಜಾಗದಲ್ಲಿ 96 ಬ್ರಿಟಿಷ್ ಎಡಿಸಿಗಳ ಚಿತ್ರಗಳಿದ್ದವು, ಅಂದರೆ ವೈಸ್‌ರಾಯ್‌ಗಳ ಹಿಂದೆ ಮುಂದೆ ಓಡಾಡುತ್ತಿದ್ದ ಅಧಿಕಾರಿಗಳದ್ದು. ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಅವರ ಮುಖಗಳೇ ಅಲ್ಲಿದ್ದವು. ನನಗೆ ಆ ಸುದ್ದಿ ಓದಿ ಎದೆ ತುಂಬಿಬಂತು.

ನಿವೃತ್ತ ಹವಾಲ್ದಾರ್
ಜೈ ಹಿಂದ್. ಆ 21 ಜನರಲ್ಲಿ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಒಬ್ಬರು. 1961ರಲ್ಲಿ ಕಾಂಗೋದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದಾಗ ಪ್ರಾಣ ಕೊಟ್ಟವರು. ಹುಡುಗನಾಗಿದ್ದಾಗ ಓದಿದ್ದು ನಮ್ಮ ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಶಾಲೆಯಲ್ಲಿ. ಈಗ ಅದು ರಾಷ್ಟ್ರೀಯ ಮಿಲಿಟರಿ ಶಾಲೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಆ ಚಿತ್ರ ತೋರಿಸಬೇಕು ಅಂತ ಇದ್ದೇನೆ.

ಹಾಸನದ ಹಕ್ಕಿ
ಹೋಗಿ ಬನ್ನಿ ಸರ್. ದೊಡ್ಡವರ ಗುರುತಿನ ಚೀಟಿಯ ಅಸಲಿ ಜೊತೆಯಲ್ಲಿರಲಿ. ಒಳಗೆ ನಡೆಯುವುದು ಜಾಸ್ತಿ, ಒಳ್ಳೆ ಚಪ್ಪಲಿ ಹಾಕಿಕೊಳ್ಳಿ.

ಬಣ್ಣದ ಡಬ್ಬಿ
ಪರಮವೀರರ ಚಿತ್ರ ಬಂದದ್ದಕ್ಕೆ ನನಗೂ ಸಂತೋಷ. ಆದರೆ ಕಲೆಯವಳಾಗಿ ಒಂದು ಮಾತು. ಇಳಿಸಿದ ಆ 96 ಚಿತ್ರಗಳನ್ನೂ ಜೋಪಾನ ಮಾಡಬೇಕು. ಯಾರ ಮುಖವೇ ಇರಲಿ, ಅವು ಒಂದು ಕಾಲದ ದಾಖಲೆ. ಗೋಡೆಯ ಗೌರವ ಬೇಡ, ಒಣಗಿದ ಕೋಣೆ, ಒಂದು ಪಟ್ಟಿ, ಒಂದು ನಂಬರ್ ಸಾಕು.

ಯಾಕೆ ಹೇಳುತ್ತೇನೆ ಅಂದರೆ, ನಾನು ಕಾಲೇಜಿನಲ್ಲಿದ್ದಾಗ ಒಂದು ಸರ್ಕಾರಿ ಕಚೇರಿಗೆ ನಮ್ಮ ತಂಡದಿಂದ ಚಿತ್ರಗಳನ್ನು ಬರೆದುಕೊಟ್ಟಿದ್ದೆವು. ದೊಡ್ಡ ಸಾಹೇಬರ ಕೋಣೆಯಲ್ಲಿ ಹಾಕಿದರು. ಸಾಹೇಬರು ವರ್ಗ ಆದರು. ಹತ್ತು ವರ್ಷದ ಮೇಲೆ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ ನನ್ನ ಚಿತ್ರ ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಗೆದ್ದಲು ಅರ್ಧ ತಿಂದಿತ್ತು. ಯಾರನ್ನು ಕೇಳಿದರೂ ಅದು ಯಾವಾಗ ಬಂತು, ಯಾರದ್ದು ಅಂತ ಗೊತ್ತಿರಲಿಲ್ಲ. ಪಟ್ಟಿಯೇ ಇರಲಿಲ್ಲ. ರಾಷ್ಟ್ರಪತಿ ಭವನಕ್ಕಾದರೆ ನೋಡಿಕೊಳ್ಳುವವರಿದ್ದಾರೆ. ಜಿಲ್ಲೆ ಜಿಲ್ಲೆಯ ಕಚೇರಿಗಳಲ್ಲಿರುವ ಚಿತ್ರಗಳಿಗೆ ಯಾರಿದ್ದಾರೆ?

ವಿಜಯನಗರ ಬಸ್
ಓದಿ ಹೊಟ್ಟೆ ಉರಿಯಿತು ಮೇಡಂ.

ಥೇಮ್ಸ್ ದಂಡೆ
ಪಟ್ಟಿ ಅಂದದ್ದಕ್ಕೆ ಹೇಳುತ್ತೇನೆ. ನಾನಿರುವುದು ಲಂಡನ್‌ನಲ್ಲಿ, ಮೂಲ ತೀರ್ಥಹಳ್ಳಿ. ಇಲ್ಲಿ ಸರ್ಕಾರದ್ದೇ ಒಂದು ಕಲಾ ಸಂಗ್ರಹ ಇದೆ, 1898ರಿಂದ ನಡೆದುಬಂದಿದೆ. 14,000ಕ್ಕೂ ಜಾಸ್ತಿ ಕೃತಿಗಳು. ಪ್ರಧಾನಿಯ 10 ಡೌನಿಂಗ್ ಸ್ಟ್ರೀಟ್, ಮಂತ್ರಿಗಳ ಕಚೇರಿ, ಬೇರೆ ಬೇರೆ ದೇಶದಲ್ಲಿರುವ ಬ್ರಿಟನ್ನಿನ ರಾಯಭಾರ ಕಚೇರಿ, ಎಲ್ಲದಕ್ಕೂ ಇಲ್ಲಿಂದಲೇ ಚಿತ್ರ ಹೋಗುತ್ತದೆ. ಮಂತ್ರಿ ಬದಲಾದರೆ ಚಿತ್ರ ವಾಪಸ್. ವೆಬ್‌ಸೈಟ್‌ನಲ್ಲಿ ಹುಡುಕಿದರೆ ಯಾವ ಚಿತ್ರ ಯಾವ ಊರಿನ ಯಾವ ಕಟ್ಟಡದಲ್ಲಿದೆ ಅಂತ ಗೊತ್ತಾಗುತ್ತದೆ. ಡೌನಿಂಗ್ ಸ್ಟ್ರೀಟ್ ಒಳಗೆ ನನ್ನಂಥವರನ್ನು ಬಿಡುವುದಿಲ್ಲ. ಆದರೂ ಒಳಗೆ ಏನಿದೆ ಅಂತ ಮನೆಯಲ್ಲೇ ಕೂತು ನೋಡಬಹುದು.

ಜನ ಗಮನ ಇಡುತ್ತಾರೆ ಕೂಡ. 2024ರಲ್ಲಿ ಪ್ರಧಾನಿ ಸ್ಟಾರ್ಮರ್ ಅವರು ಒಂದು ಕೋಣೆಯಿಂದ ಥ್ಯಾಚರ್ ಚಿತ್ರ ತೆಗೆಸಿದ್ದಕ್ಕೆ ಇಲ್ಲಿ ದೊಡ್ಡ ಗಲಾಟೆ ಆಯಿತು.

ನೇರನುಡಿ
ಇದು ನಮಗೂ ಬೇಕು. ವಿಧಾನಸೌಧದಿಂದ ಶುರು ಮಾಡಿ ತಾಲ್ಲೂಕು ಕಚೇರಿಯವರೆಗೆ, ಪ್ರತಿ ಚಿತ್ರಕ್ಕೂ ಫೋಟೋ, ಬರೆದವರ ಹೆಸರು, ಬಂದ ವರ್ಷ.

ಒಂಟಿಕೊಪ್ಪಲ್
ವಿಧಾನಸೌಧ ಅಂದಿದ್ದಕ್ಕೆ ನೆನಪಾಯಿತು. ಕ್ಯಾಬಿನೆಟ್ ಕೋಣೆಯ ಗಂಧದ ಮರದ ಬಾಗಿಲು ಎಷ್ಟು ಜನ ನೋಡಿದ್ದೀರಿ? ಕೆಂಗಲ್ ಹನುಮಂತಯ್ಯನವರು ಕಟ್ಟಿಸುವಾಗ ಹೊರಗಿನ ಕಲ್ಲಿನ ಕೆತ್ತನೆಗೆ ಎಷ್ಟು ಗಮನ ಕೊಟ್ಟರೋ ಒಳಗಿನ ಮರದ ಕೆಲಸಕ್ಕೂ ಅಷ್ಟೇ ಕೊಟ್ಟರು. 1956ರಲ್ಲಿ ಮುಗಿದ ಕಟ್ಟಡ. ನಾವು ಹೊರಗೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತೇವೆ ಅಷ್ಟೇ.

ವಿಜಯನಗರ ಬಸ್
2025ರಿಂದ ರಜಾದಿನಗಳಲ್ಲಿ ಗೈಡ್ ಜೊತೆ ವಿಧಾನಸೌಧ ನೋಡಲು ಬಿಡುತ್ತಿದ್ದಾರೆ ಸರ್. ಟಿಕೆಟ್ ಆನ್‌ಲೈನ್. ಮಗಳನ್ನು ಕರೆದುಕೊಂಡು ಹೋಗಿದ್ದೆ, ಅವಳಿಗೆ ತುಂಬಾ ಇಷ್ಟವಾಯಿತು.

ಧಾರವಾಡದ ಮಳೆ
ಬೆಳಗಾವಿಯ ಸುವರ್ಣಸೌಧವನ್ನೂ ಸೇರಿಸಿಕೊಳ್ಳಿ. 2024ರ ಡಿಸೆಂಬರ್ ಅಧಿವೇಶನದಲ್ಲಿ ಅಲ್ಲಿ ಅನುಭವ ಮಂಟಪದ ದೊಡ್ಡ ತೈಲವರ್ಣ ಚಿತ್ರ ಅನಾವರಣ ಆಯಿತು. ಶಾಸಕರು ಚರ್ಚೆ ಮಾಡುವ ಜಾಗದಲ್ಲಿ ಶರಣರು ಚರ್ಚೆ ಮಾಡುತ್ತಿರುವ ಚಿತ್ರ. ಅಂಥ ಜಾಗಕ್ಕೆ ಅಂಥದೇ ಚಿತ್ರ ಬೇಕು ಅಂತ ನನಗೆ ಅನ್ನಿಸಿತು.

ಒಂಟಿಕೊಪ್ಪಲ್
ಹೌದು. ನಮ್ಮ ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲೂ ಹಾಗೆಯೇ ಅಲ್ವಾ? ಗೋಡೆ ಸುತ್ತ 26 ದಸರಾ ಮೆರವಣಿಗೆಯ ಚಿತ್ರಗಳು. ಆನೆ, ಕುದುರೆ, ಬ್ಯಾಂಡು, ಜನ. ನಮ್ಮ ತಾತ ಅದರಲ್ಲಿ ಒಂದು ಮುಖ ತೋರಿಸಿ "ಇವರು ನಮ್ಮ ಬೀದಿಯವರು" ಅನ್ನುತ್ತಿದ್ದರು. ರಾಜರು ನೋಡಲಿ ಅಂತ ಬರೆಸಿದ್ದು, ಈಗ ದಿನಾ ಸಾವಿರಾರು ಜನ ನೋಡುತ್ತಾರೆ. ಚಿತ್ರ ಒಂದಡಿಯೂ ಜರುಗಿಲ್ಲ. ಬಾಗಿಲು ತೆರೆದರು ಅಷ್ಟೇ. ಹೋರಿಯ ವಿಷಯದಲ್ಲೂ ಇದೇ ದಾರಿ ಅಂತ ನನ್ನ ಅನಿಸಿಕೆ. ಹೋರಿಯನ್ನು ಕದಲಿಸಬೇಡಿ, ಬಾಗಿಲನ್ನು ಇನ್ನಷ್ಟು ತೆರೆಯಿರಿ.

ನೇರನುಡಿ
ಮೈಸೂರು ಅರಮನೆಯಲ್ಲಿ ಸರ್ಕಾರದ ಕೆಲಸ ನಡೆಯುವುದಿಲ್ಲ ಸರ್. ರಾಷ್ಟ್ರಪತಿ ಭವನದಲ್ಲಿ ನಡೆಯುತ್ತದೆ. ಭದ್ರತೆ ಇರಲೇಬೇಕು. ಆ ಬಾಗಿಲು ಎಷ್ಟು ತೆರೆದರೂ ಅರ್ಧವೇ. ನಾನು ಇನ್ನೂ ಮ್ಯೂಸಿಯಂ ಪರವೇ. ಇಲ್ಲದಿದ್ದರೆ ಕಲಬುರ್ಗಿಯವರು ಹೇಳಿದ ಹಾಗೆ ರಾಂಪುರ್ವಾದಲ್ಲೇ ಒಂದು ಒಳ್ಳೆ ಮ್ಯೂಸಿಯಂ ಕಟ್ಟಲಿ, ಅದಕ್ಕೂ ಒಪ್ಪಿಗೆ.

ಕರೋಲ್‌ಬಾಗ್ ಕನ್ನಡಿಗ
ನನ್ನ ಮನಸ್ಸೂ ಬದಲಾಗಿಲ್ಲ. ಆದರೆ ಒಂದು ಸೇರಿಸುತ್ತೇನೆ. ಹೋರಿ ಎಲ್ಲೇ ಇರಲಿ, ಅದೇ ಅಳತೆಯ ಒಂದು ಒಳ್ಳೆ ನಕಲು ಮಾಡಿಸಿ ರಾಂಪುರ್ವಾದ ಕಂಬದ ಪಕ್ಕ ಇಡಲಿ. ಊರಿನ ಮಕ್ಕಳು ಮುಟ್ಟಿ ನೋಡಲಿ. ಕಣ್ಣು ಕಾಣದವರಿಗೂ ಅನುಕೂಲ.

ಕಲಬುರ್ಗಿ ಕಲ್ಲು
ನಕಲು ದೆಹಲಿಯಲ್ಲಿರಲಿ, ಅಸಲಿ ಊರಿಗೆ ಹೋಗಲಿ. ಮುಟ್ಟಿ ನೋಡುವ ಮಾತು ಮಾತ್ರ ಬಹಳ ಚೆನ್ನಾಗಿದೆ ಸರ್. ನಮ್ಮ ಕನಗನಹಳ್ಳಿಗೂ ಅಂಥದ್ದೊಂದು ಬೇಕು.

ಇತಿಹಾಸದ ಮೇಷ್ಟ್ರು
ಮೂವತ್ತು ವರ್ಷ ಶಾಲೆಯಲ್ಲಿ ಅಶೋಕನ ಪಾಠ ಮಾಡಿದೆ. ಹೋರಿಯ ಬೋದಿಗೆ, ಸಿಂಹದ ಬೋದಿಗೆ (ಬೋದಿಗೆ ಅಂದರೆ ಕಂಬದ ತಲೆಯ ಮೇಲಿನ ಕೆತ್ತನೆ) ಅಂತ ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ಬರುತ್ತದೆ ಗುರುತು ಹಾಕಿಕೊಳ್ಳಿ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಹಿಣಿಲು, ಗಂಗೆದೊಗಲು ಅಂತ ಯಾವತ್ತೂ ಹೇಳಲಿಲ್ಲ. ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಎತ್ತು ಇದ್ದವು. ಹೇಳಿದ್ದರೆ ಅವರಿಗೆ ಆ ಕಲ್ಲು ಕಣ್ಣಿಗೆ ಕಟ್ಟುತ್ತಿತ್ತು. ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ ಅಮ್ಮಾ.

ಹಾಸನದ ಹಕ್ಕಿ
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಮೇಷ್ಟ್ರ ನಮಸ್ಕಾರ ಕೇಳಿ ನಾಚಿಕೊಂಡರು. ಕಲಬುರ್ಗಿಯವರ ಹೊಲದ ಅಶೋಕನ ಕಥೆಯನ್ನು ಎರಡು ಸಲ ಓದಿಸಿದರು. ಆ ಕಂಬಗಳು ಊರಲ್ಲೇ ಮಲಗಿವೆ ಅಂದದ್ದಕ್ಕೆ, "ಹೋರಿನ ಮಾರಿದ ಮೇಲೆ ಗೂಟ ನೋಡಕ್ಕಾಗಲ್ಲ" ಅಂದರು. ನಮ್ಮ ಮನೆಯ ಕೊನೆಯ ಜೋಡಿ ಮಾರಿದ್ದು ನನಗೂ ನೆನಪಿದೆ.

ನಾನು ಶುರು ಮಾಡಿದಾಗ ಮ್ಯೂಸಿಯಂಗೇ ಹೋಗಬೇಕು ಅಂತಿದ್ದೆ. ಈಗ ರಾಂಪುರ್ವಾದ ಕಡೆಗೆ ಮನಸ್ಸು ವಾಲಿದೆ. @ಕಲಬುರ್ಗಿ ಕಲ್ಲು ಅಣ್ಣಾ, ಸನ್ನತಿಗೆ ಬರುವುದು ಹೇಗೆ? ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ.

ಕಲಬುರ್ಗಿ ಕಲ್ಲು
ರೈಲಿನಲ್ಲಿ ಬಂದರೆ ನಾಲವಾರ ಹತ್ತಿರ. ದೊಡ್ಡ ರೈಲುಗಳು ಅಲ್ಲಿ ನಿಲ್ಲದಿದ್ದರೆ ವಾಡಿಯಲ್ಲಿ ಇಳಿಯಿರಿ, ಅಲ್ಲಿಂದ ಗಾಡಿ ಮಾಡಿಕೊಂಡರೆ ಅಮ್ಮನಿಗೆ ಆರಾಮ. ಮೊದಲು ಚಂದ್ರಲಾಂಬಾ ತಾಯಿಯ ದರ್ಶನ ಮಾಡಿ, ಆಮೇಲೆ ಕನಗನಹಳ್ಳಿ. ಡಿಸೆಂಬರ್, ಜನವರಿಯಲ್ಲಿ ಬನ್ನಿ ತಂಗಿ. ಮಾರ್ಚ್ ಆದಮೇಲೆ ನಮ್ಮ ಬಿಸಿಲು ತಡೆಯಲು ಆಗುವುದಿಲ್ಲ. ಬರುವ ವಾರದ ಮುಂಚೆ ಇಲ್ಲಿಯೇ ಒಂದು ಮಾತು ಹಾಕಿ, ರೊಟ್ಟಿ ಊಟ ನಮ್ಮ ಮನೆಯಲ್ಲಿ.